ಬಿ ಬ್ಲಾಕಿನ ಬಿಸಿಲು

"ಮೇಡಂ, ನಿಮ್ಮನ್ನ ಒಳಗೆ ಬಿಡ್ಬಾರ್ದು ಅಂತ ಆರ್ಡರ್ ಆಗಿದೆ."

"ಯಾರ ಆರ್ಡರ್?"

"ಯಶವಂತ್ ಸರ್‌ದು."

"ನಾನು ಬಂದಿದೀನಿ ಅಂತ ಅವನಿಗೆ ಫೋನ್ ಮಾಡು."

"ಮಾಡ್ದೆ ಮೇಡಂ. ಆಮೇಲೇ ಬಿಡ್ಬೇಡ ಅಂದಿದ್ದು."

ಕೌಸಲ್ಯಾ ಗೇಟಿನ ಮುಂದಿನಿಂದ ಅಲುಗಾಡಲಿಲ್ಲ. ಕಂಕುಳಲ್ಲಿದ್ದ ನಕ್ಷೆಯ ಸುರುಳಿಯನ್ನು ಈ ಕಡೆಯಿಂದ ಆ ಕಡೆಗೆ ಬದಲಾಯಿಸಿಕೊಂಡು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಪಾಲಿಟೆಕ್ನಿಕ್ಕಿನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿ ನಿವೃತ್ತರಾದ ಅವರನ್ನು ಹುಡುಗರು ಬೆನ್ನ ಹಿಂದೆ ಗೆರೆ ಮೇಡಂ ಎಂದು ಕರೆಯುತ್ತಿದ್ದರು. ಆ ಹುಡುಗರಲ್ಲೊಬ್ಬನಾದ ಯಶವಂತ್ ಈಗ ಬಿಲ್ಡರ್ ಆಗಿ ಈ ಗೇಟಿನ ಒಳಗಿದ್ದ. ಅವನು ಕಲಿತು ಹೋದ ಎಷ್ಟೋ ವರ್ಷಗಳ ಮೇಲೆ ಅದೇ ಬೆಂಚಿನಲ್ಲಿ ಕೂತು ಕಲಿತ ದಿವ್ಯ, ಆರೋಪಿಯಾಗಿ ಅವರ ಹಿಂದೆ ನಿಂತಿದ್ದಳು.

ಹಿಂದಿನ ಸೋಮವಾರ ಬೆಳಿಗ್ಗೆ ರಾಜಾನುಕುಂಟೆಯ ಈ ಜೋಡಿ ಕಟ್ಟಡದ ಎ ಬ್ಲಾಕಿನಲ್ಲಿ, ಪೈಪು ಇಳಿಸಲು ಬಿಟ್ಟಿದ್ದ ಡಕ್ಟಿನ ತಳದಲ್ಲಿ ಜಮೀನಿನ ಮಾಲೀಕ ಲಕ್ಕಣ್ಣನ ಹೆಣ ಸಿಕ್ಕಿತ್ತು. ಮೂರನೇ ಮಹಡಿಯಲ್ಲಿ ಡಕ್ಟಿನ ಬಾಯಿಗೆ ಅಡ್ಡ ಕಟ್ಟದೆ ಬಿಟ್ಟದ್ದು ಸೈಟ್ ಎಂಜಿನಿಯರ್ ದಿವ್ಯಳ ನಿರ್ಲಕ್ಷ್ಯ ಎಂದು ಪೊಲೀಸರು ಬರೆದಾಗಿತ್ತು. ಅವಳು ಒಪ್ಪಿ ಸಹಿ ಹಾಕುವುದೊಂದೇ ಬಾಕಿ. ಅದಕ್ಕೂ ಇವತ್ತು ಸಂಜೆಯ ಗಡುವು.

"ಪೊಲೀಸ್ರೇ ಮುಗೀತು ಅಂದಿರೋ ಕೇಸಿಗೆ ನೀನ್ಯಾಕೆ ಹೋಗ್ತೀಯೆ?" ಎಂದು ಬೆಳಿಗ್ಗೆ ಆರ್‌ಟಿ ನಗರದ ಮನೆಯಲ್ಲಿ ಗಂಡ ಸೇತುರಾಮ ಕೇಳಿದ್ದರು.

"ಅವರು ಮುಗಿಸಿರೋದು ತಪ್ಪು ಉತ್ತರ ಬರೆದು. ತಪ್ಪು ಉತ್ತರಕ್ಕೆ ನಾನು ಯಾವತ್ತು ಮಾರ್ಕ್ಸ್ ಕೊಟ್ಟಿದೀನಿ?" ಎಂದು ಕೌಸಲ್ಯಾ ಚಪ್ಪಲಿ ಮೆಟ್ಟಿದ್ದರು.

ಗೇಟಿನ ಪಕ್ಕದ ಬೇವಿನ ಮರದಡಿ ಕಲ್ಲಿನ ಮೇಲೆ ಕೂತಿದ್ದ ಹೆಂಗಸೊಬ್ಬರು ಎದ್ದು ಬಂದರು. ಲಕ್ಕಣ್ಣನ ತಂಗಿ ಗಂಗರತ್ನಮ್ಮ. ಯಶವಂತನ ತಾಯಿ. ಅಣ್ಣ ಸತ್ತ ಮೇಲೆ ದಿನಾ ಬೆಳಿಗ್ಗೆ ಊರೊಳಗಿನ ಮನೆಯಿಂದ ನಡೆದು ಬಂದು ಇಲ್ಲಿ ಒಂದಿಷ್ಟು ಹೊತ್ತು ಕೂರುತ್ತಿದ್ದರು.

"ಯಾರ್ನ ತಡೀತಿದ್ದೀಯ ನೀನು? ಇದು ನಮ್ಮ ಒಲ. ನಮ್ಮ ಒಲಕ್ಕೆ ಬರೋರ್ಗೆ ನನ್ನ ಮಗ ಯಾಕೆ ಅಡ್ಡ ಆಕ್ತಾನೆ?"

ಹೊಲ ಹೋಗಿ ಎರಡು ಕಟ್ಟಡ ಎದ್ದು ನಿಂತಿದ್ದರೂ ಅವರ ಬಾಯಲ್ಲಿ ಅದು ಇನ್ನೂ ಹೊಲವೇ. ಕಾವಲುಗಾರ ತಲೆ ಕೆರೆದುಕೊಂಡ.

"ಅಮ್ಮ, ಸಾಹೇಬ್ರು ಬೈತಾರೆ."

"ಬೈಲಿ. ನಾನು ಎತ್ತವಳು, ನಾನೂ ಬೈತೀನಿ ಅಂತ ಏಳು."

ಗೇಟು ತೆರೆಯಿತು.

ಒಳಗೆ ಬಂದ ಮೇಲೆ ಗಂಗರತ್ನಮ್ಮ ಕೌಸಲ್ಯಾರ ಕಂಕುಳಿನ ಸುರುಳಿಯನ್ನು ದಿಟ್ಟಿಸಿದರು. "ಮೇಡಮ್ಮೋರೆ, ಅದೇ ಅಲ್ವಾ ಪ್ಲಾನು? ಎಲ್ರೂ ಅದ್ನ ತೋರಿಸ್ತಾರೆ. ಪೊಲೀಸ್ರು ತೋರ್ಸಿದ್ರು, ಮಗ ತೋರ್ಸ್ದ. ಇಲ್ಲಿ ಬಿದ್ರು, ಇಲ್ಲಿ ಬಿದ್ರು ಅಂತಾರೆ. ನಂಗೆ ಏನೂ ತಿಳೀಲಿಲ್ಲ. ಅಣ್ಣ ಎಲ್ಲಿ ಸತ್ತ ಅಂತ ನಂಗೆ ತಿಳೀಬೇಕು."

ಕೌಸಲ್ಯಾ ಬಿ ಬ್ಲಾಕಿನ ಕಡೆಗೆ ಇಟ್ಟಿದ್ದ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡರು. ಅಟ್ಟಿ ಕಟ್ಟಿದ್ದ ಸಿಮೆಂಟ್ ಇಟ್ಟಿಗೆಗಳ ಮೇಲೆ ನಕ್ಷೆ ಬಿಡಿಸಿ ಮೂಲೆಗಳಿಗೆ ಜಲ್ಲಿಕಲ್ಲು ಇಟ್ಟರು.

"ಒಂದು ಮನೆ ಇದೆ ಅಂತಿಟ್ಕೊಳ್ಳಿ. ಅದನ್ನ ಎದೆ ಮಟ್ಟಕ್ಕೆ ಅಡ್ಡವಾಗಿ ಕುಯ್ದು, ಮೇಲಿನ ಭಾಗ ಎತ್ತಿ ಪಕ್ಕಕ್ಕಿಟ್ಟು, ಮೇಲಿಂದ ಬಗ್ಗಿ ನೋಡ್ತಿದೀರಿ."

"ಕುಂಬಳಕಾಯಿ ಕುಯ್ದಂಗೆ."

"ಹಾಗೇ. ಚಾಕು ತಾಗಿದ ಕಡೆಯೆಲ್ಲ ದಪ್ಪ ಗೆರೆ. ಇವು ಗೋಡೆಗಳು. ಚಾಕು ತಾಗದೆ ಕೆಳಗೆ ಕಾಣೋದೆಲ್ಲ ತೆಳು ಗೆರೆ. ಇದು ಅಡುಗೆಮನೆ ಕಟ್ಟೆ, ಇದು ಮೆಟ್ಟಿಲು."

"ಇದ್ಯಾಕೆ ತುಂಡು ತುಂಡು?"

"ಅದು ತಲೆ ಮೇಲಿರೋದು. ಸಜ್ಜ. ಬಗ್ಗಿ ನೋಡಿದ್ರೆ ಕಾಣಲ್ಲ, ಆದ್ರೆ ಇದೆ ಅಂತ ಗೊತ್ತಾಗ್ಲಿ ಅಂತ ತುಂಡು ಗೆರೆ."

"ಈ ಕಾಲು ಚಕ್ರ?"

"ಬಾಗಿಲು. ಯಾವ ಕಡೆಗೆ ತೆರ್ಕೊಳ್ಳುತ್ತೆ ಅನ್ನೋದಕ್ಕೆ."

ಗಂಗರತ್ನಮ್ಮನ ಒರಟು ಬೆರಳು ಅಡುಗೆಮನೆಯಿಂದ ಹೊರಟು, ಬಾಗಿಲು ದಾಟಿ, ಪಾತ್ರೆ ತೊಳೆಯುವ ಯುಟಿಲಿಟಿಗೆ ಬಂದು ನಿಂತಿತು. ಅಲ್ಲೊಂದು ಚೌಕ. ಮೂಲೆಯಿಂದ ಮೂಲೆಗೆ ಎಳೆದ ಎರಡು ತೆಳು ಗೆರೆಗಳು ನಡುವೆ ಒಂದನ್ನೊಂದು ದಾಟಿದ್ದವು.

"ಇದು?"

"ಇಲ್ಲಿ ನೆಲ ಇಲ್ಲ ಅಂತ ಅರ್ಥ."

ಬೆರಳು ಆ ಗುರುತಿನ ಮೇಲಿಂದ ಸರಿಯಲೇ ಇಲ್ಲ. ಗಂಗರತ್ನಮ್ಮ ಅಳಲಿಲ್ಲ. ಸೆರಗಿನ ತುದಿಯಿಂದ ಕಾಗದದ ಮೇಲಿನ ಧೂಳನ್ನು ಒರೆಸಿ, "ಇಷ್ಟೇ ಚಿಕ್ಕದಾ?" ಎಂದರು.

ಆಮೇಲೆ ತಲೆ ಎತ್ತಿ ಎರಡು ಕಟ್ಟಡಗಳನ್ನೂ ನೋಡಿ, ಮತ್ತೆ ಹಾಳೆ ನೋಡಿದರು. "ಇಲ್ಲಿ ಒಂದೇ ಐತಲ್ಲಮ್ಮ. ಇನ್ನೊಂದೆಲ್ಲಿ?"

"ನಾನು ಇವತ್ತು ಬಂದಿರೋದೇ ಅದಕ್ಕೆ," ಎಂದು ಕೌಸಲ್ಯಾ ಹಾಳೆಯ ಕೆಳಮೂಲೆಯಲ್ಲಿದ್ದ ಇರುವೆಸಾಲಿನಂಥ ಅಕ್ಷರಗಳ ಮೇಲೆ ಬೆರಳಿಟ್ಟರು. "ಟಿಪ್ಪಣಿ ಅಂತ ಇರುತ್ತೆ. ಯಾರೂ ಓದಲ್ಲ. ಬಿ ಬ್ಲಾಕ್ ಎ ಬ್ಲಾಕಿನ ಕನ್ನಡಿ ಪ್ರತಿ, ಅದಕ್ಕೆ ಬೇರೆ ನಕ್ಷೆ ಕೊಟ್ಟಿಲ್ಲ ಅಂತ ಬರ್ದಿದಾರೆ. ಅಂಗೈ ಎರಡನ್ನೂ ಮೇಲ್ಮುಖವಾಗಿ ಪಕ್ಕಪಕ್ಕ ಹಿಡೀರಿ. ಬಲಗೈ ಎ ಬ್ಲಾಕು, ಎಡಗೈ ಬಿ ಬ್ಲಾಕು. ಬೆರಳೆಲ್ಲ ಒಂದೇ ಥರ. ಆದ್ರೆ ಹೆಬ್ಬೆಟ್ಟು ಒಂದು ಆ ಕಡೆ, ಒಂದು ಈ ಕಡೆ. ಎ ಬ್ಲಾಕಿನಲ್ಲಿ ಎಡಕ್ಕಿರೋದು ಬಿ ಬ್ಲಾಕಿನಲ್ಲಿ ಬಲಕ್ಕೆ ಬರುತ್ತೆ. ದಿವ್ಯಾ, ಫೋಟೋ ತೋರಿಸು."

ದಿವ್ಯ ಫೋನು ಮುಂದೆ ಹಿಡಿದಳು. ಸೋಮವಾರ ಬೆಳಿಗ್ಗೆ ಯಶವಂತ್ ಸೈಟಿನ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಫೋಟೋ. ಡಕ್ಟಿನ ಬಾಯಿಯ ಅಂಚಿಗೆ ಒಂದು ಜೊತೆ ಕಂದು ಚಪ್ಪಲಿ, ಅದರಲ್ಲೊಂದು ಮಗುಚಿಕೊಂಡಿದೆ. ಕೆಳಗೆ, 'ಎ ಬ್ಲಾಕ್ ಮೂರನೇ ಫ್ಲೋರ್. ಬ್ಯಾರಿಕೇಡ್ ಇಲ್ಲ. ಯಾರು ಜವಾಬ್ದಾರಿ?' ಎಂಬ ಪ್ರಶ್ನೆ. ಹಾಕಿದವನೇ ಸ್ವಲ್ಪ ಹೊತ್ತಿಗೆ ಅದನ್ನು ಅಳಿಸಿದ್ದ. ಅಷ್ಟರೊಳಗೆ ದಿವ್ಯ ಉಳಿಸಿಕೊಂಡಿದ್ದಳು.

"ಇದರಲ್ಲಿ ಡಕ್ಟು ಬಲಕ್ಕಿದೆ," ಎಂದರು ಕೌಸಲ್ಯಾ.

ಗಂಗರತ್ನಮ್ಮ ಫೋನನ್ನೂ ಹಾಳೆಯನ್ನೂ ತಮ್ಮ ಎರಡು ಅಂಗೈಗಳನ್ನೂ ನೋಡಿಕೊಂಡರು.

ಅಷ್ಟರಲ್ಲಿ ಬಿ ಬ್ಲಾಕಿನ ಬುಡದಲ್ಲಿ ಮಿಕ್ಸರ್ ಗಡಗಡ ಎಂದು ತಿರುಗಲು ಶುರುವಾಯಿತು.

ದಿವ್ಯ ಸರಕ್ಕನೆ ಆ ಕಡೆ ತಿರುಗಿದಳು. "ಮೇಡಂ, ಬಿ ಬ್ಲಾಕಲ್ಲಿ ಕಾಂಕ್ರೀಟ್ ಕೆಲ್ಸ ಮುಗ್ದು ತಿಂಗಳಾಯ್ತು. ಇವತ್ತು ಏನೂ ಹಾಕೋ ಹಾಗಿಲ್ಲ."

ಕೌಸಲ್ಯಾ ನಕ್ಷೆ ಸುತ್ತಿಕೊಂಡು ಹೊರಟೇಬಿಟ್ಟರು.

ಹಿಡಿಗಂಬಿ ಇಲ್ಲದ ಮೆಟ್ಟಿಲು. ಮಂಡಿ ನೋವು ಮೂರನೇ ಮಹಡಿಗೆ ಬರುವಷ್ಟರಲ್ಲಿ ಸೊಂಟಕ್ಕೇರಿತ್ತು. ಅವರು ಲೆಕ್ಕಿಸಲಿಲ್ಲ.

ಅಡುಗೆಮನೆಯಾಗಬೇಕಿದ್ದ ಕೋಣೆಯಲ್ಲಿ ಯಶವಂತ್ ನಿಂತಿದ್ದ. ಬಿಳಿ ಅಂಗಿ, ಕೈಯಲ್ಲಿ ಎರಡು ಫೋನು. ಅವನ ಪಕ್ಕದಲ್ಲಿ ಇನ್‌ಸ್ಪೆಕ್ಟರ್ ಶಿವಶರಣಪ್ಪ. ಕಲಬುರಗಿ ಕಡೆಯವರು, ಬೆಂಗಳೂರಿಗೆ ವರ್ಗವಾಗಿ ಬಂದರೂ ಮಾತು ಬಿಟ್ಟುಕೊಟ್ಟಿರಲಿಲ್ಲ. ಯುಟಿಲಿಟಿಯಲ್ಲಿ ಇಬ್ಬರು ಕೆಲಸದವರು ಡಕ್ಟಿನ ಬಾಯಿಗೆ ಅಡ್ಡಲಾಗಿ ಹಲಗೆ ಹೊಂದಿಸಿ ಕಬ್ಬಿಣದ ಸರಳು ಜೋಡಿಸುತ್ತಿದ್ದರು.

"ಬಂದ್ರಾ," ಎಂದ ಯಶವಂತ್. "ಸರ್, ಹೇಳಿದ್ನಲ್ಲ, ಇವರೇ. ಮೇಡಂ, ನಿಮ್ಮ ಮೇಲೆ ನಂಗೆ ಗೌರವ ಇದೆ. ಆದ್ರೆ ಇದು ಕ್ಲಾಸ್‌ರೂಮ್ ಅಲ್ಲ."

"ಗೊತ್ತು ಕಣೋ. ಕ್ಲಾಸಲ್ಲಿ ತಪ್ಪು ಗೆರೆ ಎಳೆದ್ರೆ ರಬ್ಬರ್ ಇತ್ತು. ಇಲ್ಲಿ ಏನ್ ಮಾಡ್ತಿದೀಯ?"

"ಸೇಫ್ಟಿ. ಮಾವ ಸತ್ತಿದಾರೆ. ಇನ್ನೊಬ್ರು ಬೀಳ್ಬಾರ್ದು ಅಂತ ಮುಚ್ಚಿಸ್ತಿದೀನಿ."

"ಬೀಳ್ಬಾರ್ದು ಅಂದ್ರೆ ಅಡ್ಡ ಕಟ್ಟಿಸ್ತಾರೆ. ಕಾಂಕ್ರೀಟ್ ಹಾಕಿಸಲ್ಲ. ಈ ಡಕ್ಟು ಮುಚ್ಚಿದ್ರೆ ಮೇಲಿನ ಮನೆಗಳ ಪೈಪು ಎಲ್ಲಿ ಇಳಿಸ್ತೀಯಪ್ಪಾ? ಹಾಲ್ ಮಧ್ಯ?"

ಸರಳು ಕಟ್ಟುತ್ತಿದ್ದವನೊಬ್ಬ ನಗು ತಡೆಯಲು ತಲೆ ತಗ್ಗಿಸಿದ. ಯಶವಂತನ ಕಿವಿ ಕೆಂಪಾಯಿತು.

ಶಿವಶರಣಪ್ಪ ಕೈ ಎತ್ತಿದರು. "ಮೇಡಂ, ಪೈಪಿನ ವಿಚಾರ ನಿಮ್ಮ ನಿಮ್ಮೊಳಗ ಮಾತಾಡ್ಕೋರಿ. ಘಟನಾ ಆಗಿದ್ದು ಎ ಬ್ಲಾಕಿನಾಗ. ಇಲ್ಲಿ ನಿಮಗ ಏನೂ ಕೆಲಸ ಇಲ್ಲ. ನಡೀರಿ."

"ಹೋಗಲ್ಲ."

"ಏನಂದ್ರಿ?"

"ಹೋಗಲ್ಲ ಅಂದೆ. ಬೇಕಿದ್ರೆ ಎಳ್ಕೊಂಡ್ ಹೋಗಿ. ಆದ್ರೆ ಅದಕ್ಕೆ ಮುಂಚೆ ಅಡುಗೆಮನೆ ಬಾಗಿಲಲ್ಲಿ ಯುಟಿಲಿಟಿ ಕಡೆ ಮುಖ ಮಾಡಿ ಒಂದು ನಿಮಿಷ ನಿಂತ್ಕೊಳ್ಳಿ. ಅಷ್ಟೇ ಕೇಳ್ತಿರೋದು."

ಇನ್‌ಸ್ಪೆಕ್ಟರ್ ಅವರನ್ನು ಅಳೆಯುವಂತೆ ನೋಡಿದರು. ಗಂಗರತ್ನಮ್ಮ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಕೌಸಲ್ಯಾರ ಪಕ್ಕ ನಿಂತರು. ಸತ್ತವನ ತಂಗಿಯ ಎದುರಿಗೆ ಮುದುಕಿಯೊಬ್ಬಳನ್ನು ಎಳೆದೊಯ್ಯುವುದು ಶಿವಶರಣಪ್ಪನವರಿಗೆ ಸರಿಕಾಣಲಿಲ್ಲವೇನೋ. ಹೋಗಿ ಬಾಗಿಲಲ್ಲಿ ನಿಂತರು.

"ಡಕ್ಟು ನಿಮಗೆ ಯಾವ ಕಡೆಗಿದೆ?"

"ಬಲಕ್ಕ ಅದ."

"ಈ ಫೋಟೋದಲ್ಲಿ?"

ದಿವ್ಯ ಹಿಡಿದ ಫೋನಿನತ್ತ ಬಗ್ಗಿದರು. "ಇದರಾಗೂ ಬಲಕ್ಕ."

"ನೀವು ಮಹಜರು ಮಾಡಿದ ಎ ಬ್ಲಾಕಿನಲ್ಲಿ?"

ಶಿವಶರಣಪ್ಪ ತಮ್ಮ ಫೋನು ತೆಗೆದು ಮಹಜರಿನ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಅದೇ ಚಪ್ಪಲಿ, ಅಂಥದೇ ಬಾಗಿಲು, ಅಂಥದೇ ಹೊಸ ಗಾರೆಯ ಗೋಡೆ. ಬೆರಳು ನಿಂತಿತು.

"ಎಡಕ್ಕ ಅದ," ಎಂದರು ನಿಧಾನವಾಗಿ.

"ಫೋನಲ್ಲಿ ಫೋಟೋ ಉಲ್ಟಾ ಆಗುತ್ತೆ ಸರ್," ಎಂದ ಯಶವಂತ್ ತಟ್ಟನೆ. "ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿರ್ತಾರೆ. ಎಡ ಬಲ ಆಗುತ್ತೆ. ಚಿಕ್ಕ ಮಕ್ಕಳಿಗೂ ಗೊತ್ತು."

ಕೌಸಲ್ಯಾ ಈ ಮಾತಿಗೇ ಕಾದಿದ್ದವರಂತೆ ದಿವ್ಯಳ ಫೋನು ತೆಗೆದುಕೊಂಡು ಚಿತ್ರವನ್ನು ಹಿಗ್ಗಿಸಿದರು. ಬಾಗಿಲಿನ ಪಕ್ಕದ ಗೋಡೆಯ ಮೇಲೆ ಅಡ್ಡಕ್ಕೆ ಒಂದು ನೀಲಿ ಗೆರೆ, ಅದರ ಮೇಲೆ ಕೆಂಪು ಬಣ್ಣದಲ್ಲಿ ಮಟ್ಟದ ಅಂಕಿ. ನೆಲದಿಂದ ಎತ್ತರ ಎಷ್ಟು ಮಿಲಿಮೀಟರು ಎಂದು ಮೇಸ್ತ್ರಿಗಳು ಬರೆದಿಡುವ ಗುರುತು.

"ಓದಪ್ಪ."

ಅವನು ಓದಲಿಲ್ಲ. ಶಿವಶರಣಪ್ಪ ಓದಿದರು. "ಸಾವಿರದ ಐವತ್ತು."

"ಸರಿಯಾಗಿ ಓದ್ಕೊಳ್ಳೋಕೆ ಬರ್ತಿದೆ ಅಲ್ವಾ? ಫೋಟೋ ಉಲ್ಟಾ ಆಗಿದ್ರೆ ಅಂಕಿಯೂ ಉಲ್ಟಾ ಆಗ್ಬೇಕಿತ್ತು. ಈಗ ನಿಮ್ಮೆದುರಿಗಿರೋ ಗೋಡೆ ನೋಡಿ."

ಅದೇ ನೀಲಿ ಗೆರೆ. ಅದೇ ಕೈಬರಹ. ಐದರ ಬಾಲದಿಂದ ಕೆಂಪು ಬಣ್ಣ ಸೋರಿ ಇಳಿದಿದ್ದ ಸಣ್ಣ ಗೀರು ಕೂಡ ಚಿತ್ರದಲ್ಲಿದ್ದಂತೆಯೇ ಗೋಡೆಯ ಮೇಲಿತ್ತು.

ಕೆಳಗೆ ಮಿಕ್ಸರ್ ತಿರುಗುತ್ತಲೇ ಇತ್ತು.

"ಲೇ," ಎಂದರು ಗಂಗರತ್ನಮ್ಮ ಕೆಲಸದವರಿಗೆ. "ಆ ಸರಳು ತಗೀರಿ. ಆ ಮಿಸನ್ನು ನಿಲ್ಸಕ್ಕೆ ಏಳಿ."

ಅವರಿಬ್ಬರೂ ಯಶವಂತನ ಮುಖ ನೋಡಿದರು. "ಅವನ ಮಕ ಏನ್ ನೋಡ್ತೀರಾ? ನಾನು ಏಳ್ತಿದ್ದೀನಿ."

ಸರಳು ಸದ್ದು ಮಾಡುತ್ತ ಪಕ್ಕಕ್ಕೆ ಬಂತು.

"ಚಪ್ಪಲಿ ಮೊದಲು ಇಲ್ಲಿತ್ತು. ನೀವು ಬರೋಷ್ಟರಲ್ಲಿ ಎ ಬ್ಲಾಕಿಗೆ ಹೋಗಿತ್ತು," ಎಂದರು ಕೌಸಲ್ಯಾ ಇನ್‌ಸ್ಪೆಕ್ಟರಿಗೆ. "ಎರಡೂ ಕಟ್ಟಡ ಒಂದೇ ಥರ ಕಾಣುತ್ತೆ, ಯಾರಿಗೂ ಗೊತ್ತಾಗಲ್ಲ ಅಂತ ಅಂದ್ಕೊಂಡ್ರು. ಯಶವಂತ, ಈ ಫೋಟೋ ತೆಗೆದಿದ್ದು ಯಾರು?"

"ಯಾರೋ ಕೆಲಸದವ್ರು ಕಳಿಸಿದ್ರು. ಗಡಿಬಿಡೀಲಿ ಗ್ರೂಪಿಗೆ ಹಾಕ್ದೆ. ಬೆಳಿಗ್ಗೆ ಬೆಳಿಗ್ಗೆ ಮಾವನ ಹೆಣ ನೋಡಿದೀನಿ ಮೇಡಂ, ಯಾರು ಏನು ಕಳಿಸಿದ್ರು ಅಂತ ನೆನಪಿರುತ್ತಾ?"

"ಬೆಳಿಗ್ಗೆನೇ ಬಂದಿದ್ದಾ ನಿನಗೆ?"

"ಬೆಳಿಗ್ಗೆನೇ. ಬೆಳಿಗ್ಗೆ ತೆಗೆದು ಬೆಳಿಗ್ಗೆ ಕಳಿಸಿದಾರೆ. ಬಿಸಿಲು ಕಾಣ್ತಿಲ್ವಾ ಅದ್ರಲ್ಲಿ?"

ಕೌಸಲ್ಯಾ ಮತ್ತೆ ಚಿತ್ರ ನೋಡಿದರು. ಹೌದು, ಬಿಸಿಲಿತ್ತು. ಯುಟಿಲಿಟಿಯ ತೆರೆದ ಬದಿಯಿಂದ ನುಗ್ಗಿ, ಬಾಗಿಲು ದಾಟಿ, ಅಡುಗೆಮನೆಯ ನೆಲದುದ್ದಕ್ಕೂ ಚಾಚಿದ ಹೊನ್ನಿನ ಬಣ್ಣದ ಬಿಸಿಲು. ಚಪ್ಪಲಿಗಳ ನೆರಳು ಉದ್ದಕ್ಕೆ ಎಳೆದಂತೆ ಫೋಟೋ ತೆಗೆದವನ ಕಡೆಗೆ ಬಿದ್ದಿತ್ತು. ಇಷ್ಟು ದಿನ ಎಡ ಬಲದ ಗುಂಗಿನಲ್ಲಿ ಅವರು ಅದನ್ನು ನೋಡಿಯೂ ನೋಡಿರಲಿಲ್ಲ.

ಅವರು ಫೋನಿನಿಂದ ತಲೆ ಎತ್ತಿ ತಮ್ಮ ಕಾಲಬುಡ ನೋಡಿಕೊಂಡರು.

ನೆಲ ತಣ್ಣಗಿತ್ತು. ನೆರಳು. ಹೊರಗೆ ಬೆಳಗಿನ ಬಿಸಿಲು ಚುರುಗುಟ್ಟುತ್ತಿದ್ದರೂ ಈ ಕೋಣೆಯೊಳಗೆ ಅದರ ಒಂದು ಎಳೆಯೂ ಇರಲಿಲ್ಲ. ಯುಟಿಲಿಟಿಯ ಆಚೆ ನೀಲಗಿರಿ ಮರಗಳ ಮೈಮೇಲೆ ಬೆಳಕು ಬಿದ್ದಿತ್ತು. ಸೂರ್ಯ ಅವರ ಬೆನ್ನ ಹಿಂದಿದ್ದ.

ಅವರು ನೆಲದ ಮೇಲೆ ನಕ್ಷೆ ಬಿಡಿಸಿ ಮಂಡಿಯೂರಿ ಕೂತರು. ಹಾಳೆಯ ಮೇಲಂಚಿನಲ್ಲಿ ವೃತ್ತದೊಳಗೊಂದು ಬಾಣ. ಉತ್ತರ ಯಾವ ಕಡೆ ಎಂದು ತೋರುವ ಗುರುತು.

"ಇನ್‌ಸ್ಪೆಕ್ಟರ್, ಇಲ್ಲಿ ಬನ್ನಿ. ಬಾಣ ಮೇಲಕ್ಕಿದೆ, ಅದು ಉತ್ತರ. ಎ ಬ್ಲಾಕಿನ ಯುಟಿಲಿಟಿ ಬಲ ಅಂಚಿಗಿದೆ. ಅಂದ್ರೆ ಪೂರ್ವಕ್ಕೆ. ಅಲ್ಲಿ ಬೆಳಗಿನ ಬಿಸಿಲು ನೇರವಾಗಿ ಒಳಗೆ ಬರುತ್ತೆ. ಬಿ ಬ್ಲಾಕು ಅದರ ಕನ್ನಡಿ ಪ್ರತಿ. ನಾವು ಕೂತಿರೋ ಈ ಯುಟಿಲಿಟಿ ಪಶ್ಚಿಮಕ್ಕಿದೆ."

ಶಿವಶರಣಪ್ಪ ಅವರ ಪಕ್ಕ ಕುಕ್ಕರುಗಾಲಿನಲ್ಲಿ ಕೂತರು. ಬಾಣ ನೋಡಿದರು, ಚಿತ್ರ ನೋಡಿದರು, ಎದುರಿನ ಖಾಲಿ ನೆಲ ನೋಡಿದರು.

"ಅಂದ್ರ ಈ ಫೋಟೋ ಸಂಜೀದು."

"ಸಂಜೆದು. ಬಿಸಿಲು ಇಷ್ಟು ಉದ್ದಕ್ಕೆ ಒಳಗೆ ಬರ್ಬೇಕು ಅಂದ್ರೆ ಇನ್ನೇನು ಮುಳುಗೋ ಹೊತ್ತು. ಗ್ರೂಪಿಗೆ ಬಂದಿದ್ದು ಸೋಮವಾರ ಬೆಳಿಗ್ಗೆ. ಅಂದ್ರೆ ಅದಕ್ಕೂ ಮುಂಚಿನ ಯಾವುದೋ ಸಂಜೆ."

"ಯಾವ ಸಂಜಿ?"

"ಅದು ನಕ್ಷೆಯಲ್ಲಿರಲ್ಲ," ಎಂದರು ಕೌಸಲ್ಯಾ.

ಗಂಗರತ್ನಮ್ಮ ಫೋನಿಗೆ ಕೈ ಚಾಚಿದರು. ತೋಳಿನಷ್ಟು ದೂರಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಭಾನುವಾರದ್ದು."

"ಹೆಂಗ ಹೇಳ್ತೀರಿ?"

"ಈ ಚಪ್ಲಿ ನಾನೇ ಕೊಡ್ಸಿದ್ದು. ಭಾನುವಾರ ಬೆಳಿಗ್ಗೆ, ಯಲಹಂಕ ಸಂತೆಬೀದೀಲಿ. ಅಳೇದು ಕಿತ್ತೋಗಿತ್ತು. ಅಂಗ್ಡೀಲೇ ಆಕ್ಕೊಂಡು ಬಂದ. ಅದಕ್ಕೂ ಮುಂಚೆ ಈ ಚಪ್ಲಿ ಅವನತ್ರ ಇರ್ಲೇ ಇಲ್ಲ."

ಶಿವಶರಣಪ್ಪ ಎದ್ದು ನಿಂತರು. ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಅಮ್ಮಾ, ವಿಚಾರ ಮಾಡಿ ಹೇಳ್ರಿ. ಭಾನುವಾರ ರಾತ್ರಿ ನಿಮ್ಮಣ್ಣ ನಿಮ್ಮ ಮನ್ಯಾಗ ಉಂಡು ಹೋಗ್ಯಾರ ಅಂತ ನೀವ ಹೇಳೀರಿ. ನಾನ ಬರಕೊಂಡೀನಿ."

"ಊಂ. ದೀಪ ಅಚ್ಚಿದ ಮ್ಯಾಲೆ ಬಂದ. ಮುದ್ದೆ ಉಂಡ. ಉಂಡು ಎದ್ದೋದ."

ಅರ್ಥವಾಗಲು ಎಲ್ಲರಿಗೂ ಒಂದು ಗಳಿಗೆ ಹಿಡಿಯಿತು. ಸೂರ್ಯ ಮುಳುಗುವ ಮುಂಚೆ ಈ ಡಕ್ಟಿನ ಅಂಚಿನಲ್ಲಿ ಯಾರೋ ಲಕ್ಕಣ್ಣನ ಚಪ್ಪಲಿಯ ಫೋಟೋ ತೆಗೆದಿದ್ದಾರೆ, ಸತ್ತವನ ಗುರುತು ಎಂಬಂತೆ. ದೀಪ ಹಚ್ಚಿದ ಮೇಲೆ ಲಕ್ಕಣ್ಣ ಜೀವಂತವಾಗಿ ತಂಗಿಯ ಮನೆಗೆ ಬಂದು ಊಟ ಮಾಡಿದ್ದಾನೆ.

"ಬಂದಾಗ ಕಾಲಲ್ಲಿ ಏನಿತ್ತು ಗಂಗರತ್ನಮ್ಮ?" ಎಂದು ಕೇಳಿದರು ಕೌಸಲ್ಯಾ.

"ಏನೂ ಇರ್ಲಿಲ್ಲ. ಬರಿಗಾಲು. ಪಾದ ಎಲ್ಲ ತರಚಿತ್ತು. ಒಸ ಚಪ್ಲಿ ಎಲ್ಲಣ್ಣ ಅಂದೆ. ಬಿಟ್ಟು ಓಡ್ಬಂದೆ ಕಣವ್ವ ಅಂದ. ಯಾಕೆ, ಯಾರು ಅಟ್ಟಿಸ್ಕೊಂಡು ಬಂದ್ರು ಅಂದ್ರೆ ಬಾಯಿ ಬಿಡ್ಲಿಲ್ಲ."

"ಇದನ್ನ ನನಗ ಯಾಕ ಹೇಳಲಿಲ್ರಿ?" ಶಿವಶರಣಪ್ಪನವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

"ನೀವು ಊಟ ಮಾಡಿದ್ನಾ ಅಂತ ಕೇಳಿದ್ರಿ, ಏಳ್ದೆ. ಚಪ್ಲಿ ಬಗ್ಗೆ ಕೇಳ್ಲಿಲ್ಲ." ಗಂಗರತ್ನಮ್ಮ ಫೋನು ಹಿಂದಕ್ಕೆ ಕೊಟ್ಟು ದಿವ್ಯಳ ತೋಳು ಹಿಡಿದುಕೊಂಡರು. "ಸಾಯೇಬ್ರೆ, ಇನ್ನೂ ಒಂದು ಏಳ್ತೀನಿ, ಬರ್ಕೊಳಿ. ಈ ಮಗೀನ ಮ್ಯಾಲೆ ತಪ್ಪು ಆಕ್ಬೇಡಿ. ಅವತ್ತು ಸಂಜೆ ನಮ್ಮಣ್ಣನ್ನ ಸ್ಕೂಟರ್ನಾಗೆ ಕೂರಿಸ್ಕೊಂಡು ಬಂದು ಮನೆ ಬಾಗ್ಲಲ್ಲಿ ಇಳಿಸ್ದೋಳು ಇವ್ಳೇ. ಕಿಟಕೀಲಿ ಕಂಡೆ. ಅವನ್ನ ಕೊಲ್ಲೋಳು ಅಂಗ್ ಮಾಡ್ತಾಳಾ?"

ಕೌಸಲ್ಯಾ ನೆಲಕ್ಕೆ ಕೈಯೂರಿ ಎದ್ದು ದಿವ್ಯಳ ಕಡೆಗೆ ತಿರುಗಿದರು.

ಭಾನುವಾರವಿಡೀ ಬ್ಯಾಟರಾಯನಪುರದ ಮನೆಯಲ್ಲಿ ಅಮ್ಮನ ಜೊತೆಗಿದ್ದೆ ಎಂದು ದಿವ್ಯ ಪೊಲೀಸರಿಗೆ ಬರೆದುಕೊಟ್ಟಿದ್ದಳು. ಅದೇ ಮಾತನ್ನು ಕೌಸಲ್ಯಾರ ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದು, ಅವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಆ ಮಾತಿನ ಮೇಲೆ ಅವರು ಇಷ್ಟೆಲ್ಲ ಕಟ್ಟಿದ್ದರು.

"ಹೌದೇನಮ್ಮ?" ಎಂದರು ಶಿವಶರಣಪ್ಪ. "ಭಾನುವಾರ ನೀ ಇಲ್ಲಿ ಬಂದಿದ್ದಿ?"

ದಿವ್ಯ ಗಂಗರತ್ನಮ್ಮನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ತಲೆ ತಗ್ಗಿಸಲಿಲ್ಲ.

"ಬಂದಿದ್ದೆ ಸರ್. ಮನೇಲಿದ್ದೆ ಅಂತ ಬರೆದಿದ್ದು ಸುಳ್ಳು."

"ರಜಾ ದಿನ ಯಾಕ ಬಂದಿ? ಲಕ್ಕಣ್ಣ ಯಾರಿಗೆ ಹೆದರಿ ಓಡಿದ?"

"ಅದನ್ನ ಹೇಳಲ್ಲ."

"ದಿವ್ಯಾ," ಎಂದರು ಕೌಸಲ್ಯಾ. "ನನಗೂ ಹೇಳಲ್ವಾ?"

"ನಿಮಗೂ ಇಲ್ಲ ಮೇಡಂ. ನೀವು ನನಗೋಸ್ಕರ ಇಷ್ಟು ಮಾಡಿದ್ದಕ್ಕೆ ನಾನು ಈ ಜನ್ಮದಲ್ಲಿ ತೀರಿಸೋಕಾಗಲ್ಲ. ಆದ್ರೂ ಹೇಳಲ್ಲ. ಜೈಲಿಗೆ ಹಾಕಿ, ಹೋಗ್ತೀನಿ. ಎ ಬ್ಲಾಕಿಗೆ ನಾನು ಅಡ್ಡ ಕಟ್ಟಿದ್ದೆ. ಕಟ್ಟಿರ್ಲಿಲ್ಲ ಅಂತ ಮಾತ್ರ ಸಹಿ ಹಾಕಲ್ಲ. ಇವತ್ತು ಸಂಜೆಗೂ ಇಲ್ಲ, ಇನ್ಯಾವತ್ತಿಗೂ ಇಲ್ಲ."

ಶಿವಶರಣಪ್ಪ ಉದ್ದಕ್ಕೆ ಉಸಿರು ಬಿಟ್ಟರು. "ಹಂಗಿದ್ರ ಸ್ಟೇಷನ್ನಿಗೆ ನಡಿ. ಅಲ್ಲೇ ಮಾತಾಡೋಣು."

ದಿವ್ಯ ಮೆಟ್ಟಿಲ ಕಡೆಗೆ ಹೆಜ್ಜೆ ಇಟ್ಟಳು.

ಅಡ್ಡ ಬಂದವನು ಯಶವಂತ್.

ಅವನ ಬಿಳಿ ಅಂಗಿಯ ಬೆನ್ನು ಬೆವರಿಗೆ ಅಂಟಿತ್ತು. ಅವಳ ಮೇಲೆ ದೂರು ಕೊಟ್ಟವನು ಅವನೇ. ಅವಳನ್ನು ಒಪ್ಪಿಸಲು ಒಂದು ವಾರದಿಂದ ಠಾಣೆ ಸುತ್ತಿದವನೂ ಅವನೇ. ಭಾನುವಾರ ಅವಳು ಇಲ್ಲಿದ್ದಳು ಎಂದು ಕೇಳಿದ್ದೇ ಮೆಟ್ಟಿಲಿನ ಬಾಯಿಗೆ ಎರಡೂ ಕೈ ಚಾಚಿ ನಿಂತುಬಿಟ್ಟ.

"ಬೇಡ ಸರ್. ಕಂಪ್ಲೇಂಟ್ ವಾಪಸ್ ತಗೋತೀನಿ. ಈಗ್ಲೇ ಬರ್ಕೊಡ್ತೀನಿ. ತಪ್ಪು ನಂದೇ ಅಂತ ಬೇಕಾದ್ರೂ ಬರೀತೀನಿ. ಅವಳನ್ನ ಏನೂ ಕೇಳ್ಬೇಡಿ."

"ಯಾಕ್ಲಾ?" ಎಂದರು ಗಂಗರತ್ನಮ್ಮ.

ಯಶವಂತ್ ತಾಯಿಯ ಕಡೆಗೆ ತಿರುಗಲಿಲ್ಲ. ಅವನ ಕಣ್ಣು ದಿವ್ಯಳ ಮುಖದ ಮೇಲಿತ್ತು. ಬೇಡಿಕೊಳ್ಳುವವನ ಕಣ್ಣು.

ದಿವ್ಯ ಅವನನ್ನು ನೇರವಾಗಿ ನೋಡಿದಳು.

"ವಾಪಸ್ ತಗೋಬೇಡಿ ಸರ್," ಎಂದಳು. "ಕೇಸು ಕೋರ್ಟಿಗೇ ಹೋಗ್ಲಿ. ಸ್ಟೇಷನ್ನಲ್ಲಿ ಹೇಳಿದ್ರೆ ಆ ಫೋಟೋ ಥರ ಅಳಿಸಿಬಿಡ್ತೀರಿ. ಭಾನುವಾರ ಇಲ್ಲಿ ಕಂಡಿದ್ದನ್ನ ಕೋರ್ಟಲ್ಲಿ ಕೇಳಿದ್ರೆ ಹೇಳ್ತೀನಿ."